ಸ್ಟ್ರೋಕ್ ಆಗಿ ಮಾತು ನಿಂತೋದವ್ರ ಜೊತೆ ಹಾಡೋದು ಹೇಗೆ

ಅಮೆರಿಕದ ಕಂಟ್ರಿ ಸಿಂಗರ್ ರ‍್ಯಾಂಡಿ ಟ್ರಾವಿಸ್‌ಗೆ 2013ರಲ್ಲಿ ಸ್ಟ್ರೋಕ್ ಹೊಡೆದು ಅಫೇಸಿಯಾ (ಮೆದುಳಿಗೆ ಪೆಟ್ಟಾಗಿ ಮಾತು ಕೈಕೊಡೋದು) ಆಗಿ ಮಾತೇ ಹೊರಡ್ತಿರ್ಲಿಲ್ಲ, ಆದ್ರೂ 2016ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ವೇದಿಕೆ ಮೇಲೆ 'ಅಮೇಜಿಂಗ್ ಗ್ರೇಸ್' ಹಾಡಿದ್ರು. ಮಾತು ಹೆಚ್ಚಾಗಿ ಎಡಮೆದುಳಿನ ಕೆಲ್ಸ, ಹಾಡಿಗೆ ಬಲಗಡೆನೂ ಕೈಜೋಡಿಸುತ್ತೆ.

ಮನೇಲಿ ಯಾರಿಗಾದ್ರೂ ಹಿಂಗಾಗಿದ್ರೆ ಮೊದ್ಲು ಸ್ಪೀಚ್ ಥೆರಪಿಸ್ಟ್‌ನ ಕೇಳಿ. ಆಮೇಲೆ ಅವ್ರಿಗೆ ಚಿಕ್ಕಂದಿನಿಂದ ಬಾಯಿಪಾಠ ಇರೋ ಹಾಡೇ ತಗೊಂಡು, ನಿಮ್ಮ ತುಟಿ ಕಾಣೋ ಹಾಗೆ ಎದುರು ಕೂತು ನಿಧಾನಕ್ಕೆ ಹಾಡ್ತಾ ಅವ್ರ ಎಡಗೈನ ಒಂದೊಂದು ಅಕ್ಷರಕ್ಕೂ ಮೆಲ್ಲಗೆ ತಟ್ಟಿಸಿ, ಸಾಲಿನ ಕೊನೇ ಪದ ಬಿಟ್ಬಿಡಿ ಅವ್ರೇ ತುಂಬ್ಲಿ, ಬರ್ಲಿಲ್ಲ ಅಂತ ರೇಗ್ಬೇಡಿ ಪ್ಲೀಸ್, ಎಷ್ಟೋ ಜನಕ್ಕೆ ಒಳಗೆ ಎಲ್ಲಾ ಅರ್ಥ ಆಗ್ತಿರುತ್ತೆ. ಆಮೇಲೆ 'ನೀರು ಕೊಡು', 'ಕಾಫಿ ಬೇಕು' ಅಂತ ಎರಡೇ ಸ್ವರದಲ್ಲಿ ಎಳೆದು ಹೇಳ್ಸಿ, ಬರ್ತಾ ಬರ್ತಾ ರಾಗ ಕಮ್ಮಿ ಮಾಡಿ. ಸುಸ್ತಾದಂಗೆ ಕಂಡ್ರೆ ಅಲ್ಲಿಗೇ ನಿಲ್ಸಿ.