ರಕ್ತದ ಸ್ಲೈಡ್ ನೋಡುತ್ತಾ ವೈದ್ಯಕೀಯ ಪದ ಕಲಿತ ಬಗೆ

ವೈದ್ಯಕೀಯ ಪದ ಕಲಿಯಲು ಹೊರಟವರ ಕೈಗೆ ಮೊದಲು ಬರುವುದು ಒಂದು ಉದ್ದನೆಯ ಪಟ್ಟಿ. ಒಂದು ಕಡೆ ಗ್ರೀಕ್ ಇಲ್ಲವೇ ಲ್ಯಾಟಿನ್ ತುಂಡು, ಇನ್ನೊಂದು ಕಡೆ ಅದರ ಅರ್ಥ. ಹೀಮೋ ಅಂದರೆ ರಕ್ತ, ಲ್ಯೂಕೋ ಅಂದರೆ ಬಿಳಿ, ಎರಿಥ್ರೋ ಅಂದರೆ ಕೆಂಪು. ಸುಮ್ನೆ ಉರು ಹೊಡೆದರೆ ಪರೀಕ್ಷೆವರೆಗೆ ನೆನಪಿರುತ್ತದೆ, ಆಮೇಲೆ ಹಾರಿಹೋಗುತ್ತದೆ. ನನಗೆ ಈ ಪದಗಳು ತಲೆಗೆ ಹತ್ತಿದ್ದು ಲ್ಯಾಬಿನಲ್ಲಿ, ರಕ್ತದ ಸ್ಲೈಡ್ ನೋಡುವ ಕೆಲಸ ಕಲಿಯುವಾಗ. ಪದ ಯಾವುದರ ಹೆಸರೋ ಅದನ್ನೇ ಕಣ್ಣಾರೆ ಕಂಡ ಮೇಲೆ ಮರೆಯುವುದು ಕಷ್ಟ.

ಮೊದಲು ಸ್ಲೈಡ್ ಮಾಡುವ ರೀತಿ ಹೇಳಿಬಿಡುತ್ತೇನೆ. ಗಾಜಿನ ಒಂದು ತುದಿಯ ಹತ್ತಿರ ಸಣ್ಣ ಹನಿ ರಕ್ತ ಇಡಬೇಕು. ಇನ್ನೊಂದು ಗಾಜನ್ನು 30ರಿಂದ 45 ಡಿಗ್ರಿ ಓರೆಯಾಗಿ ಹಿಡಿದು ಹನಿಗೆ ತಾಗಿಸಬೇಕು. ರಕ್ತ ಅದರ ಅಂಚಿನುದ್ದಕ್ಕೂ ಹರಡಿದ ಕೂಡಲೇ ಒಂದೇ ಸಮನೆ ಮುಂದಕ್ಕೆ ತಳ್ಳಬೇಕು. ಹೀಗೆ ಗಾಜಿನ ಮೇಲೆ ಹರಡಿದ ರಕ್ತದ ಪದರಕ್ಕೆ ಸ್ಮಿಯರ್ ಅನ್ನುತ್ತಾರೆ. ಸರಿಯಾಗಿ ಬಂದ ಸ್ಮಿಯರ್ ಶುರುವಿನಲ್ಲಿ ದಪ್ಪಗಿದ್ದು ಬಾಲದ ಕಡೆಗೆ ತೆಳುವಾಗುತ್ತದೆ. ಬಾಲಕ್ಕಿಂತ ಸ್ವಲ್ಪ ಹಿಂದೆ ಕಣಗಳು ಒಂದರ ಮೇಲೊಂದು ಏರದೆ ಬಿಡಿಬಿಡಿಯಾಗಿ ಕೂತಿರುತ್ತವೆ. ನೋಡಬೇಕಾದದ್ದು ಆ ಜಾಗವನ್ನು.

ಒಣಗಿದ ಮೇಲೆ ಬಣ್ಣ. ನಾವು ಬಳಸುತ್ತಿದ್ದುದು ಲೀಷ್ಮನ್ ಸ್ಟೇನ್. ವಿಲಿಯಂ ಲೀಷ್ಮನ್ 1901ರಲ್ಲಿ ಇದನ್ನು ಪ್ರಕಟಿಸಿದರು. ಇದರಲ್ಲಿ ಮುಖ್ಯವಾಗಿ ಎರಡು ಬಣ್ಣಗಳಿವೆ. ಇಯೋಸಿನ್ ಗುಲಾಬಿ, ಆಮ್ಲ ಗುಣದ್ದು. ಮೆಥಿಲೀನ್ ಬ್ಲೂ ನೀಲಿ, ಪ್ರತ್ಯಾಮ್ಲ ಗುಣದ್ದು, ಅಂದರೆ ಬೇಸಿಕ್. ಕೋಶಕೇಂದ್ರದ ಡಿಎನ್‌ಎ ಆಮ್ಲವಾದ್ದರಿಂದ ಬೇಸಿಕ್ ಬಣ್ಣವನ್ನು ಹಿಡಿದುಕೊಂಡು ನೇರಳೆಯಾಗುತ್ತದೆ. ಹಿಮೋಗ್ಲೋಬಿನ್ ಇಯೋಸಿನ್ ಹಿಡಿದುಕೊಂಡು ಗುಲಾಬಿಯಾಗುತ್ತದೆ.

ಇಷ್ಟು ಗೊತ್ತಾದರೆ ಬಿಳಿ ರಕ್ತಕಣಗಳ ಹೆಸರುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಫಿಲ್ ಅಂದರೆ ಒಲವು ಇರುವುದು. ಇಯೋಸಿನ್ ಕಡೆ ಒಲವಿರುವುದು ಇಯೋಸಿನೋಫಿಲ್. ಅದರೊಳಗೆ ಕಿತ್ತಳೆ ಕೆಂಪಿನ ದಪ್ಪ ಹರಳುಗಳು ತುಂಬಿರುತ್ತವೆ. ಬೇಸಿಕ್ ಬಣ್ಣದ ಕಡೆ ಒಲವಿರುವುದು ಬೇಸೋಫಿಲ್. ಅದರ ಕಡುನೀಲಿ ಹರಳುಗಳು ಎಷ್ಟೋ ಸಲ ಕೋಶಕೇಂದ್ರವನ್ನೇ ಮುಚ್ಚಿಬಿಡುತ್ತವೆ. ಎರಡರಲ್ಲಿ ಯಾವ ಕಡೆಗೂ ಜಾಸ್ತಿ ವಾಲದೆ ನವಿರಾದ ತಿಳಿ ಹರಳುಗಳಿರುವುದು ನ್ಯೂಟ್ರೋಫಿಲ್. ಹೀಗೆ ಬಣ್ಣ ಹಾಕಿ ಕಣಗಳನ್ನು ಬೇರೆ ಮಾಡುವ ದಾರಿ ತೋರಿಸಿದವರು ಪಾಲ್ ಎರ್ಲಿಷ್, 1870ರ ದಶಕದ ಕೊನೆಯಲ್ಲಿ. ಆ ಹೆಸರುಗಳು ಪ್ರಯೋಗದ ಫಲಿತಾಂಶವನ್ನೇ ಹೇಳುತ್ತವೆ. ಇದು ಹೊಳೆದ ದಿನದಿಂದ ನನಗೆ ಪದಗಳ ಮೇಲೆ ಪ್ರೀತಿ ಹುಟ್ಟಿತು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಉದ್ದ ಪದ ಕಂಡರೆ ಕೊನೆಯಿಂದ ಓದುವುದು. ಥ್ರಾಂಬೋಸೈಟೋಪೀನಿಯ ತೆಗೆದುಕೊಳ್ಳಿ. ಕೊನೆಯ ಪೀನಿಯ ಅಂದರೆ ಕೊರತೆ. ಯಾವುದರ ಕೊರತೆ? ಸೈಟ್, ಅಂದರೆ ಕೋಶ. ಎಂಥ ಕೋಶ? ಥ್ರಾಂಬೋ, ಹೆಪ್ಪುಗಟ್ಟಿಸುವಂಥದ್ದು. ಅಲ್ಲಿಗೆ ಪ್ಲೇಟ್‌ಲೆಟ್ ಕಡಿಮೆ ಇದೆ ಅಂತ ಆಯಿತು. ಕನ್ನಡದವರಿಗೆ ಇದು ಹೊಸ ವಿದ್ಯೆಯೇನಲ್ಲ. ತಲೆನೋವು, ಹಲ್ಲುನೋವು, ಕೀಲುನೋವು ಅನ್ನುವಾಗ ನಾವೂ ಜಾಗವನ್ನು ಮುಂದಿಟ್ಟು ತೊಂದರೆಯನ್ನು ಕೊನೆಗಿಡುತ್ತೇವೆ, ಅಲ್ವಾ? ಆರ್ಥ್ರಾಲ್ಜಿಯ ಕೂಡ ಹಾಗೇ: ಆರ್ಥ್ರ್ ಕೀಲು, ಆಲ್ಜಿಯ ನೋವು. ಕೊನೆಗೆ ಐಟಿಸ್ ಬಂದರೆ ಉರಿಯೂತ, ಆಗ ಅದು ಆರ್ಥ್ರೈಟಿಸ್.

ಆ ಥ್ರಾಂಬೋಸೈಟೋಪೀನಿಯದ ಮುಂದೆ ಸ್ಯೂಡೋ ಅಂತ ಸೇರುವುದುಂಟು. ಸ್ಯೂಡೋ ಅಂದರೆ ಸುಳ್ಳು. ಪುಸ್ತಕದಲ್ಲಿ ಓದಿದಾಗ ಕೊರತೆ ಹೇಗೆ ಸುಳ್ಳಾಗುತ್ತದೆ ಅಂತ ಅರ್ಥವಾಗಿರಲಿಲ್ಲ. ಒಮ್ಮೆ ಒಂದು ಸ್ಯಾಂಪಲ್‌ನಲ್ಲಿ ಮೆಷಿನ್ ತುಂಬಾ ಕಡಿಮೆ ಪ್ಲೇಟ್‌ಲೆಟ್ ತೋರಿಸಿತು. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಇಲ್ಲಿ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಆದರೆ ಆ ರೋಗಿಗೆ ಎಲ್ಲೂ ರಕ್ತ ಸೋರುತ್ತಿರಲಿಲ್ಲ, ಚರ್ಮದ ಮೇಲೆ ಕೆಂಪು ಚುಕ್ಕೆಯೂ ಇರಲಿಲ್ಲ. "ಮೊದಲು ಬಾಲದ ಅಂಚು ನೋಡಿ" ಅಂದರು ನಮ್ಮ ಹಿರಿಯ ಮೇಡಂ. ಎಣ್ಣೆ ಹನಿ ಹಾಕಿ 100ರ ಲೆನ್ಸ್ ಇಳಿಸಿ ನೋಡಿದರೆ ಅಲ್ಲಿ ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡು ಕೂತಿದ್ದವು. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಕೆಲವರ ರಕ್ತದಲ್ಲಿ ಹೀಗೆ ಮಾಡುತ್ತದೆ. ಅವರಲ್ಲಿರುವ ಒಂದು ಆಂಟಿಬಾಡಿ ಇಡಿಟಿಎ ಇದ್ದಾಗ ಮಾತ್ರ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಮೆಷಿನ್‌ಗೆ ಗುಂಪಿನೊಳಗಿನ ಒಂದೊಂದನ್ನೂ ಎಣಿಸಲು ಬರುವುದಿಲ್ಲ. ಇಡಿಟಿಎ ಬದಲು ಸಿಟ್ರೇಟ್ ಎಂಬ, ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ದ್ರವ ಇರುವ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸಿ, ಸಿಟ್ರೇಟ್ ದ್ರವದಿಂದ ತೆಳುವಾದದ್ದಕ್ಕೆ 1.1ರಿಂದ ಗುಣಿಸಿದೆವು. ಲೆಕ್ಕ ಸರಿಯಾಗಿಯೇ ಬಂತು. ಸ್ಯೂಡೋ ಎನ್ನುವ ಎರಡಕ್ಷರ ಗಮನಿಸದೇ ಹೋದರೆ ಒಬ್ಬ ಆರೋಗ್ಯವಂತರಿಗೆ ಬೇಡದ ಚಿಕಿತ್ಸೆ ಶುರುವಾಗಬಹುದು.

ಕೆಂಪು ಕಣಗಳ ಪದಗಳನ್ನೂ ಹೀಗೆಯೇ ಕಲಿತೆ. ಆರೋಗ್ಯವಂತರ ಕೆಂಪು ಕಣ 7ರಿಂದ 8 ಮೈಕ್ರೋಮೀಟರ್ ಅಗಲ ಇರುತ್ತದೆ. ಅಳೆಯಲು ಪಟ್ಟಿ ಬೇಕಿಲ್ಲ, ಪಕ್ಕದಲ್ಲೇ ಇರುವ ಸಣ್ಣ ಲಿಂಫೋಸೈಟ್ ಎಂಬ ಬಿಳಿ ಕಣದ ಕೋಶಕೇಂದ್ರ ಸುಮಾರು ಅಷ್ಟೇ ದೊಡ್ಡದು. ಅದಕ್ಕಿಂತ ಚಿಕ್ಕದಾದರೆ ಮೈಕ್ರೋಸೈಟಿಕ್, ದೊಡ್ಡದಾದರೆ ಮ್ಯಾಕ್ರೋಸೈಟಿಕ್. ಕಣದ ನಡುವಿನ ಪೇಲವ ಭಾಗ ಮೂರನೇ ಒಂದು ಪಾಲಷ್ಟು ಇರುವುದು ಸಹಜ. ಅದು ಹಿಗ್ಗಿ, ಗುಲಾಬಿ ಬಣ್ಣ ಅಂಚಿಗೆ ಮಾತ್ರ ಉಳಿದರೆ ಹೈಪೋಕ್ರೋಮಿಕ್. ಕಬ್ಬಿಣದ ಕೊರತೆಯಲ್ಲಿ ಚಿಕ್ಕ ಗಾತ್ರ, ಪೇಲವ ಬಣ್ಣ ಎರಡೂ ಒಟ್ಟಿಗೆ ಕಾಣುತ್ತವೆ. ಬಿ12 ಅಥವಾ ಫೋಲೇಟ್ ಕೊರತೆಯಲ್ಲಿ ಕಣಗಳು ದೊಡ್ಡದಾಗುತ್ತವೆ, ನ್ಯೂಟ್ರೋಫಿಲ್‌ನ ಕೋಶಕೇಂದ್ರಕ್ಕೆ ಹಾಲೆಗಳು ಜಾಸ್ತಿಯಾಗುತ್ತವೆ. ಗಾತ್ರ ಏರುಪೇರಾಗಿದ್ದರೆ ಅನೈಸೋಸೈಟೋಸಿಸ್, ಆಕಾರ ತರಾವರಿ ಆಗಿದ್ದರೆ ಪಾಯ್ಕಿಲೋಸೈಟೋಸಿಸ್. ಈ ಎರಡು ಪದ ನಾಲಿಗೆಗೆ ಕಷ್ಟ. ಆದರೆ ಪುಟದ ಎಡಕ್ಕೆ ಚಿತ್ರ ಬರೆದು ಬಲಕ್ಕೆ ಪದ ಬರೆದುಕೊಂಡ ಮೇಲೆ ನಾನು ಮತ್ತೆ ಪಟ್ಟಿ ತೆರೆಯಬೇಕಾಗಲಿಲ್ಲ.

ಹಾಗಂತ ತುಂಡು ಮಾಡಿದ್ದೆಲ್ಲ ಸರಿಯಾದ ಅರ್ಥ ಕೊಡುತ್ತದೆ ಎಂದಲ್ಲ. ಅನೀಮಿಯವನ್ನು ಬಿಡಿಸಿದರೆ ರಕ್ತವೇ ಇಲ್ಲ ಎಂದಾಗುತ್ತದೆ. ನಿಜದಲ್ಲಿ ಕಡಿಮೆ ಇರುವುದು ಹಿಮೋಗ್ಲೋಬಿನ್. ಓಮ ಅಂತ ಮುಗಿದರೆ ಗಡ್ಡೆ ಅನ್ನುತ್ತಾರೆ. ಲಿಪೋಮ ತೊಂದರೆ ಕೊಡದ ಕೊಬ್ಬಿನ ಗಡ್ಡೆ, ಲಿಂಫೋಮ ಕ್ಯಾನ್ಸರ್, ಹೀಮಟೋಮ ಎರಡೂ ಅಲ್ಲ, ಬರೀ ಒಂದೆಡೆ ಸೇರಿಕೊಂಡ ರಕ್ತ. ಬೇಸೋಫಿಲಿಯ ಅಂದರೆ ಬೇಸೋಫಿಲ್ ಜಾಸ್ತಿ ಎಂದೂ ಆಗುತ್ತದೆ, ಯಾವುದೋ ಕೋಶ ನೀಲಿ ಬಣ್ಣ ಹಿಡಿದಿದೆ ಎಂದೂ ಆಗುತ್ತದೆ. ಯಾವುದು ಅಂತ ರಿಪೋರ್ಟಿನ ಪೂರ್ತಿ ವಾಕ್ಯ ಓದಿಯೇ ತಿಳಿಯಬೇಕು.

ದಿನಬಳಕೆಯ ಪದದ ವೇಷದಲ್ಲಿ ಬರುವ ಪದಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಕ್ಯೂಟ್, ಕ್ರಾನಿಕ್ ಎರಡೂ ಕಾಲವನ್ನು ಹೇಳುತ್ತವೆ, ಕಾಯಿಲೆ ಎಷ್ಟು ಜೋರು ಎಂಬುದನ್ನಲ್ಲ: ಥಟ್ಟನೆ ಶುರುವಾದದ್ದು, ಬಹಳ ಕಾಲದಿಂದ ಇರುವುದು. ನೆಗಡಿಯೂ ಅಕ್ಯೂಟೇ. ನಾರ್ಮಲ್ ರೇಂಜ್ ಎಂಬುದನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನಡುವಿನ 95 ಶೇಕಡಾ ಮಂದಿಯ ಲೆಕ್ಕದಿಂದ ಹಾಕುತ್ತಾರೆ. ಅಂದರೆ ಯಾವ ಕಾಯಿಲೆಯೂ ಇಲ್ಲದ 20 ಜನರಲ್ಲಿ ಸುಮಾರು ಒಬ್ಬರ ಅಂಕಿ ಅದರ ಹೊರಗೆ ಬೀಳುತ್ತದೆ. ರಿಪೋರ್ಟಿನಲ್ಲಿ ದಪ್ಪಕ್ಷರ ಕಂಡು ಗಾಬರಿಯಾದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆಮೇಲೆ ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ.

ಹೈಪೋ, ಹೈಪರ್ ಬಗ್ಗೆ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಒಂದು ಕಡಿಮೆ, ಇನ್ನೊಂದು ಜಾಸ್ತಿ, ಆದರೆ ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಹೈಪೋಕಲೀಮಿಯ ಅಂದರೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ, ಹೈಪರ್‌ಕಲೀಮಿಯ ಅಂದರೆ ಜಾಸ್ತಿ. ಎರಡರಲ್ಲೂ ಹೃದಯದ ಬಡಿತ ತಪ್ಪಬಹುದು, ಚಿಕಿತ್ಸೆ ಮಾತ್ರ ಒಂದಕ್ಕೊಂದು ಪೂರಾ ಉಲ್ಟಾ. ಅದಕ್ಕೇ ವಾರ್ಡಿಗೆ ಫೋನ್ ಮಾಡಿದಾಗ ನಾನು ಆ ಪದವನ್ನೇ ಬಳಸುವುದಿಲ್ಲ. ರೋಗಿಯ ಹೆಸರು, ಐಡಿ ನಂಬರ್ ಹೇಳಿ, "ಪೊಟ್ಯಾಸಿಯಂ ಕಡಿಮೆ ಇದೆ ಸಿಸ್ಟರ್, ಎರಡು ಪಾಯಿಂಟ್ ಎಂಟು" ಅನ್ನುತ್ತೇನೆ. ಅವರು ಬರೆದುಕೊಂಡು ನನಗೇ ವಾಪಸ್ ಓದಿ ಹೇಳುವವರೆಗೆ ಫೋನ್ ಇಡುವುದಿಲ್ಲ.