ಗೋಡೆಗೆ ನೆಟ್ಟಗೆ ಸೋಲಾರ್ ಪ್ಯಾನೆಲ್: ಅಂಟಾರ್ಕ್ಟಿಕಾದ ಬೇಸಿಗೆ ಕ್ಯಾಂಪಿನಲ್ಲಿ ನನ್ನ ಅನುಭವ

ಈ ಮೂರನೇ ಬೇಸಿಗೆಯಲ್ಲಿ ನಮ್ಮ ಜನರೇಟರ್ ದಿನಕ್ಕೆ ಒಂದು ಗಂಟೆಯೂ ಓಡಲಿಲ್ಲ. ನಾವು ಆರು ಜನ, ಎರಡು ಗುಡಿಸಲು, ನವೆಂಬರ್ ಕೊನೆಯಿಂದ ಸುಮಾರು ಎರಡು ತಿಂಗಳ ಕೆಲಸ. ಪ್ಯಾನೆಲ್‌ಗಳನ್ನು ಒಂದು ಗುಡಿಸಲಿನ ನಾಲ್ಕೂ ಗೋಡೆಗೆ ನೆಟ್ಟಗೆ ಹೊಡೆಯುತ್ತೇನೆ ಅಂದಾಗ ಯಾರೂ ಒಪ್ಪಿರಲಿಲ್ಲ. ಅಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಅತ್ತಲೇ ಓರೆ ಮಾಡಿ ನಿಲ್ಲಿಸಪ್ಪಾ ಅಂತಲೇ ಎಲ್ಲರ ಮಾತು.

ಮೊದಲ ವರ್ಷ ಹಾಗೇ ಮಾಡಿದ್ದೆ. ಗಾಳಿ ತಂದ ಹಿಮ ಸ್ಟ್ಯಾಂಡಿನ ಹಿಂದೆ ರಾಶಿ ಬಿದ್ದು, ಒಂದೇ ವಾರದಲ್ಲಿ ಅರ್ಧ ಹೂತುಹೋಯಿತು. ಅದಕ್ಕಿಂತ ಮೊದಲೇ ಕಂಟ್ರೋಲರ್ (ಪ್ಯಾನೆಲ್ಲಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಪೆಟ್ಟಿಗೆ) ಸುಟ್ಟಿತ್ತು. ನಾಲ್ಕು ಪ್ಯಾನೆಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಬಾಲಕ್ಕೆ ಇನ್ನೊಂದು, ವೋಲ್ಟೇಜ್ ಕೂಡುತ್ತಾ ಹೋಗುವ ಹಾಗೆ; ಲೇಬಲ್ ಪ್ರಕಾರ ಒಟ್ಟು 90 ವೋಲ್ಟ್. ಕಂಟ್ರೋಲರ್ ಮಿತಿ 100. ಸಾಕು ಅಂತ ಮಾರಿದವರು ಹೇಳಿದ್ದರು. ಚಳಿ ಹೆಚ್ಚಿದಷ್ಟೂ ಪ್ಯಾನೆಲ್ ವೋಲ್ಟೇಜ್ ಏರುತ್ತದೆ, ಮೈನಸ್ 20ರಲ್ಲಿ ನೂರು ದಾಟುತ್ತದೆ ಅಲ್ವಾ! ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ, 250 ಡಾಲರ್ ಹೋಯಿತು.

ಬ್ಯಾಟರಿ ಕಥೆ ಇನ್ನೂ ದುಬಾರಿ. ಕ್ಯಾಂಪ್ ಮುಚ್ಚುವಾಗ ಒಂದು ಸಣ್ಣ ಇಂಡಿಕೇಟರ್ ದೀಪ ಉರಿಯುತ್ತಲೇ ಉಳಿದು, ಬ್ಯಾಟರಿಯನ್ನು ಖಾಲಿ ಮಾಡಿತು. ಪೂರ್ತಿ ಚಾರ್ಜ್ ಇದ್ದ ಲೆಡ್ ಬ್ಯಾಟರಿ ಮೈನಸ್ 50ನ್ನೂ ತಡೆಯುತ್ತದೆ, ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಮರುವರ್ಷ ಬಾಗಿಲು ತೆಗೆದು ನೋಡಿದರೆ ಪೆಟ್ಟಿಗೆ ಉಬ್ಬಿತ್ತು, ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು, ಅದರೊಳಗೆ ಬೆಳ್ಳಗೆ ಐಸ್. ನಾಲ್ಕೂ ಬ್ಯಾಟರಿ ಹಾಳು. ಅಂಟಾರ್ಕ್ಟಿಕಾದ ಪರಿಸರ ಕಾಯುವ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಬ್ಯಾಟರಿಯನ್ನು ಅಲ್ಲಿ ಬಿಟ್ಟು ಬರುವಂತಿಲ್ಲ. ವಾಪಸ್ ಸಾಗಿಸಿದ ಖರ್ಚು ಹೊಸದರ ಬೆಲೆಗಿಂತ ಜಾಸ್ತಿ ಆಯಿತು. ಆ ಬೇಸಿಗೆ ಪೂರಾ ಜನರೇಟರ್ ಮೇಲೇ ನಡೆದು, 200 ಲೀಟರಿನ ಡ್ರಮ್ ಹೆಚ್ಚುಕಡಿಮೆ ನಾಲ್ಕು ಖಾಲಿ. ಈ ಸಲ ಅರ್ಧ ಡ್ರಮ್ ಉಳಿದೇ ಇದೆ. ಲಿಥಿಯಂ ಯಾಕೆ ಬೇಡ ಅಂದರೆ, ಸೊನ್ನೆಗಿಂತ ಕೆಳಗೆ ಅದಕ್ಕೆ ಚಾರ್ಜ್ ಕೊಡುವಂತಿಲ್ಲ. ಅದನ್ನು ಬೆಚ್ಚಗಿಡೋದೇ ಇನ್ನೊಂದು ಕೆಲಸ.

ಈಗ ಗೋಡೆಗೆರಡು ಪ್ಯಾನೆಲ್ ಸೀರೀಸ್‌ನಲ್ಲಿ, ನಾಲ್ಕು ಗೋಡೆ ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಣೆ, ವೋಲ್ಟೇಜ್ ಏರುವುದಿಲ್ಲ. ಒಟ್ಟು ಎಂಟು, ತಲಾ 100 ವಾಟ್. ಗೋಡೆಯಿಂದ ಒಂದು ಗೇಣು ಮುಂದೆ ನಿಲ್ಲಿಸಿದ್ದೇನೆ. ಆ ಸಂದಿಯಲ್ಲಿ ಗಾಳಿಯೇ ಹಿಮ ಗುಡಿಸಿಕೊಂಡು ಹೋಗುತ್ತದೆ. ದಕ್ಷಿಣದ ಗೋಡೆಗೆ ಯಾಕೆ ದುಡ್ಡು ಸುರಿಯುತ್ತೀಯಾ ಅಂದಿದ್ದರು. ನಾವಿದ್ದದ್ದು 71 ಡಿಗ್ರಿ ದಕ್ಷಿಣದಲ್ಲಿ. ಡಿಸೆಂಬರ್ ನಡುರಾತ್ರಿ ಸೂರ್ಯ ದಕ್ಷಿಣ ದಿಗಂತಕ್ಕಿಂತ ನಾಲ್ಕೇ ಡಿಗ್ರಿ ಮೇಲೆ, ಪ್ಯಾನೆಲ್ಲಿಗೆ ನೇರ ಎದುರು. ಕೆಳಗಿನ ಹಿಮದ ಬೆಳಕು ಬೇರೆ. ಹನ್ನೆರಡು ಗಂಟೆಗೆ ಎಲ್ಲರನ್ನೂ ಎಬ್ಬಿಸಿ ಮೀಟರ್ ತೋರಿಸಿದೆ: ಎರಡು ಆಂಪಿಯರ್ ಮೇಲೆಯೇ ಇತ್ತು. ಬಿಸಿಲಿದ್ದ ದಿನ ಒಟ್ಟು ನಾಲ್ಕು ಯೂನಿಟ್ಟಿನ ಹತ್ತಿರ.

ಕೇಬಲ್‌ಗೆ ಪಿವಿಸಿ ಬೇಡ, ಚಳಿಗೆ ಸಿಡಿಯುತ್ತದೆ, ಸಿಲಿಕೋನ್ ಹೊದಿಕೆಯದು ಹಾಕಿ. ಹಿಟ್ಟಿನಂಥ ಹಿಮ ಕೇಬಲ್ ತೂತಿನಿಂದ ಒಳಗೆ ಬಾರದ ಹಾಗೆ ಏನು ಮಾಡಿದೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಿಕ್ಕ ಕರೆಂಟನ್ನು ಹಿಮ ಕರಗಿಸುವ ಪಾತ್ರೆಗೆ ಕೊಟ್ಟು ನೋಡಿದೆ. ಹತ್ತು ಲೀಟರ್ ನೀರಿಗೆ ಒಂದು ಯೂನಿಟ್ ಬೇಕು. ತಳದಲ್ಲಿ ಮೊದಲೇ ಎರಡು ಲೋಟ ನೀರಿರಲಿ, ಒಣ ಹಿಮ ಸುರಿದರೆ ತಳ ಸೀಯುತ್ತದೆ. ಮೊದಲ ದಿನದ ಚಹಾ ಪೂರಾ ಹೊಗೆ ವಾಸನೆ.