ಫ್ರಿಜ್ ಮೇಲಿನ ಡ್ರ್ಯಾಗನ್ ಇನ್ನೂ ಬಿದ್ದಿಲ್ಲ

ನಮ್ಮ ಮನೆಯ ಫ್ರಿಜ್ ಮೇಲೆ ಕಪ್ಪು-ಕೆಂಪು ಡ್ರ್ಯಾಗನ್ ರೋಬೋ, ಅಂದರೆ ಡ್ರ್ಯಾಗನ್ನಿನಿಂದ ರೋಬೋ ಆಗಿ ರೂಪ ಬದಲಿಸುವ ಆಟಿಕೆ, ನಿಂತು ಇವತ್ತಿಗೆ ನಲವತ್ತು ದಿನ ದಾಟಿತು. ಹರವಿದ ರೆಕ್ಕೆ ಹಾಗೇ ಇದೆ, ಕತ್ತು ಜೋತುಬಿದ್ದಿಲ್ಲ. ಫ್ರಿಜ್ ಹಳೆಯದು, ಕಂಪ್ರೆಸರ್ ಶುರುವಾದಾಗಲೆಲ್ಲ ಗಡಗಡ ನಡುಗುತ್ತದೆ. ಆ ನಡುಕದಲ್ಲೂ ಅದು ನಿಂತಿದೆ ಅನ್ನುವುದೇ ನನ್ನ ಹೆಮ್ಮೆ. "ಬೇರಿಂಗ್ ಚೆಕ್ ಮಾಡಿದಂಗ ಆಟಿಗಿ ಚೆಕ್ ಮಾಡ್ತಾನ ನೋಡ್ರೀ ಇಂವ" ಅಂತ ನಕ್ಕ ದೋಸ್ತರೇ ಈಗ ಫೋನ್ ಮಾಡಿ, "ಆ ನಿನ್ನ ಚೀಟಿ ಕಳಸೋ ಮಾರಾಯಾ" ಅನ್ನುತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಡ್ರ್ಯಾಗನ್ ಕೊಳ್ಳುವ ಮೊದಲು ನಾನು ಮಾಡುವ ತಪಾಸಣೆಯ ಪಟ್ಟಿ ಅದು. ಒಬ್ಬೊಬ್ಬರಿಗೆ ಕಳಿಸುವ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪಿನಲ್ಲಿ ಇನ್ಸ್‌ಪೆಕ್ಷನ್ ನೋಡುವವನು. ಹಗಲೆಲ್ಲ ಮೈಕ್ರೋಮೀಟರ್, ಹೈಟ್ ಗೇಜ್. ಸಂಜೆ ಮನೆಗೆ ಬಂದರೆ ಈ ಹುಚ್ಚು. ಹುಚ್ಚು ಹತ್ತಿದ್ದು ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ 2013ರ ಬೀಸ್ಟ್ ಹಂಟರ್ಸ್ ಸಾಲಿನ ಪ್ರಿಡೇಕಿಂಗ್ ಅನ್ನುವ ಡ್ರ್ಯಾಗನ್ ರೋಬೋ ಫೋಟೋ ನೋಡಿ. ರ್‍ಯಾಚೆಟ್ ಅಂದರೆ ಹಲ್ಲಿನಿಂದ ಹಲ್ಲಿಗೆ ಕಟ್ ಕಟ್ ಅಂತ ತಿರುಗಿ ನಿಲ್ಲುವ ಕೀಲು, ಬಾಲ್ ಜಾಯಿಂಟ್ ಅಂದರೆ ಗುಳಿಯೊಳಗೆ ಗುಂಡು ತಿರುಗುವ ಕೀಲು, ಅಷ್ಟು ಗೊತ್ತಿದ್ದರೆ ಸಾಕು. ಡ್ರ್ಯಾಗನ್ನಿನದು ಬೇರೆಯದೇ ತಲೆನೋವು ಅನ್ನುವುದನ್ನಷ್ಟೇ ಹೇಳುತ್ತೇನೆ. ಕಾರು ರೋಬೋ ಆದರೆ ಬಾಗಿಲು, ಬಾನೆಟ್ ಎಲ್ಲ ಮೈಗಂಟಿಕೊಂಡು ಕೂರುತ್ತವೆ. ಡ್ರ್ಯಾಗನ್ನಿಗೆ ಎರಡು ರೆಕ್ಕೆ, ಒಂದು ಬಾಲ. ರೋಬೋ ಮಾಡಿದ ಮೇಲೆ ಇವೆಲ್ಲ ಬೆನ್ನಿಗೇ ಹೋಗಿ ನೇತುಬೀಳುತ್ತವೆ. ಸಂತೆಗೆ ಹೋಗಿ ಬಂದ ಹೆಣ್ಮಗಳ ಗಂಟಿನ ಹಾಗೆ. ಅಷ್ಟೂ ಭಾರ ಸೊಂಟದ ಎರಡು ಕೀಲಿನ ಮೇಲೆ.

ನಾವೆಲ್ಲ ಸೆಕೆಂಡ್ ಹ್ಯಾಂಡ್ ಹಿಂದೆ ಬಿದ್ದದ್ದು ಶೋಕಿಗಲ್ಲ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಐಎಸ್ಐ ಮಾರ್ಕ್ ಕಡ್ಡಾಯ. ಮಕ್ಕಳ ದೃಷ್ಟಿಯಿಂದ ಅದು ಸರಿಯೇ, ನಾನೇನೂ ದೂರುವುದಿಲ್ಲ. ಆದರೆ ಒಂದು ಅಡಿ ಮೀರಿದ ದೊಡ್ಡ ಡ್ರ್ಯಾಗನ್‌ಗಳು ಖಡೇಬಜಾರದ ಅಂಗಡಿಗಳಲ್ಲಿ ನನ್ನ ಕಣ್ಣಿಗೆ ಬೀಳುವುದೇ ನಿಂತವು. ಉಳಿದದ್ದು ಒಂದೇ ದಾರಿ: ಯಾರೋ ಆಡಿ ಬಿಟ್ಟದ್ದು, ಯಾರೋ ಬೇಜಾರಾಗಿ ಮಾರುವುದು.

ಮೊದಲನೇ ಡ್ರ್ಯಾಗನ್ 3,800 ರೂಪಾಯಿ. ಫೋಟೋ ನೋಡಿಯೇ ದುಡ್ಡು ಹಾಕಿದೆ. ಆರು ಫೋಟೋ ಇದ್ದವು, ಆರರಲ್ಲೂ ಡ್ರ್ಯಾಗನ್ ಕೂತಿತ್ತು. ಯಾಕೆ ಕೂತಿದೆ ಅಂತ ಆಗ ಹೊಳೆಯಲಿಲ್ಲ. ಡಬ್ಬಿ ತೆರೆದು ನಿಲ್ಲಿಸಿದರೆ ಎಡತೊಡೆ ತನ್ನಷ್ಟಕ್ಕೆ ಹೊರಗೆ ಚಾಚಿತು. ಸ್ಕ್ರೂ ಕೂರುವ ಕೊಳವೆ ಉದ್ದಕ್ಕೂ ಸೀಳಿತ್ತು. ಇವತ್ತಿಗೂ ನನ್ನದೊಂದು ನಿಯಮ: ಎಲ್ಲ ಫೋಟೋದಲ್ಲೂ ಕೂತ ಡ್ರ್ಯಾಗನ್ ಅಂದರೆ ನಿಲ್ಲಲಾರದ ಡ್ರ್ಯಾಗನ್. ಒಂದೇ ಕಾಲೂರಿ ನಿಂತ ಫೋಟೋ ಕೇಳಿ, ಹತ್ತರಲ್ಲಿ ಆರು ಮಂದಿ ಆಮೇಲೆ ಉತ್ತರವನ್ನೇ ಕೊಡುವುದಿಲ್ಲ.

ಎರಡನೆಯದನ್ನು ಕೆಡಿಸಿದವನು ನಾನೇ. 5,500 ಕೊಟ್ಟದ್ದು, ಹೆಸರಿಲ್ಲದ ಡಬ್ಬಿ, ಅಳತೆ ಹಿಗ್ಗಿಸಿದ ಡುಪ್ಲಿಕೇಟ್. ರೋಬೋ ನಿಂತರೆ ಸುಮಾರು 33 ಸೆಂಟಿಮೀಟರ್. ನೋಡಲು ರಾಜಾ. ಸೊಂಟ ಸ್ವಲ್ಪ ಸಡಿಲ, ಅಷ್ಟೇ. ಶಾಪಿನ ಬುದ್ಧಿ ಓಡಿತು. ಸ್ಕ್ರೂ ಸಡಿಲಾದರೆ ನಾವು ಏನು ಹಾಕುತ್ತೇವೆ? ಥ್ರೆಡ್ ಲಾಕರ್ ಅನ್ನುವ ಅಂಟು. ಎರಡು ಹನಿ ಬಿಟ್ಟು ಬಿಗಿಮಾಡಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಸ್ಕ್ರೂ ಸುತ್ತ ಜೇಡರ ಬಲೆಯಂಥ ಬಿರುಕು, ಕಾಲು ಮುಟ್ಟಿದ ಕೂಡಲೇ ಕೈಗೆ ಬಂತು. ಅದು ಲೋಹಕ್ಕೆ ಮಾಡಿದ ಔಷಧ. ಬಿಗಿಯಲ್ಲಿರುವ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿದರೆ ಅದು ಒಡೆಯಬಹುದು. ಹದಿನೈದು ವರ್ಷ ಕೈಯಲ್ಲಿ ಹಿಡಿದ ಬಾಟಲಿ, ಅದರ ಮೇಲಿನ ಸಣ್ಣಕ್ಷರ ಒಂದು ದಿನವೂ ಓದಿರಲಿಲ್ಲ. ಮನೆಯವಳು ಏನೂ ಅನ್ನಲಿಲ್ಲ. "ಐದೂವರಿ ಸಾವಿರಕ್ಕ ಎಷ್ಟು ಕಿಲೋ ಕುಂದಾ ಬರ್ತಿತ್ರೀ?" ಅಂತ ಲೆಕ್ಕ ಮಾತ್ರ ಕೇಳಿದಳು.

ಅಲ್ಲಿಂದ ತೂಕಕ್ಕೆ ಗಂಟುಬಿದ್ದೆ. ಅವಳು ಖೋವಾ ತೂಗುವ ತಕ್ಕಡಿಯೇ ನನ್ನ ಮೊದಲ ಉಪಕರಣ. ಒಂದೇ ಅಚ್ಚಿನ ಎರಡು ಪೀಸ್ ತೂಗಿದರೆ ಐದಾರು ಗ್ರಾಂ ಹೆಚ್ಚುಕಮ್ಮಿ ಬರಬೇಕು. ನನಗೆ ಒಂದು ಜೋಡಿಯಲ್ಲಿ 60 ಗ್ರಾಂ ವ್ಯತ್ಯಾಸ ಬಂತು. ಬಿಚ್ಚಿ ನೋಡಿದಾಗ ತೊಡೆಯ ಗೋಡೆ ತೆಳು, ಉಕ್ಕಿನ ಪಿನ್ ಇರಬೇಕಾದ ಎರಡು ಕಡೆ ಪ್ಲಾಸ್ಟಿಕ್ ಪಿನ್. ಸಿಕ್ಕಿತು ಗುಟ್ಟು ಅಂತ ಕುಣಿದಾಡಿ ಮೂರನೇ ಡ್ರ್ಯಾಗನ್ ಬರೀ ತೂಕ ನಂಬಿ ಕೊಂಡೆ, 4,200. ತೂಕ ಪಕ್ಕಾ. ರೋಬೋ ಮಾಡಿ ನಿಲ್ಲಿಸಿದರೆ ಬೆನ್ನಮೇಲೆ ಧೊಪ್ಪನೆ ಬಿತ್ತು. ಮತ್ತೆ ನಿಲ್ಲಿಸಿದೆ, ಮತ್ತೆ ಬಿತ್ತು. ತೂಕವೇನೋ ಇತ್ತು, ಎಲ್ಲ ಬೆನ್ನಲ್ಲೇ ಇತ್ತು. ದೋಸ್ತರು ಅವತ್ತು ನಕ್ಕದ್ದು ನ್ಯಾಯವೇ. ಟಿಳಕವಾಡಿಯ ಚಹಾದಂಗಡಿಯಲ್ಲಿ ಆ ಭಾನುವಾರ ನನ್ನ ದುಡ್ಡಲ್ಲೇ ಚಹಾ ಕುಡಿದು ನನಗೇ ನಕ್ಕರು.

ಈಗಿನ ತಪಾಸಣೆ ಆ ಬೀಳುವಿಕೆಯಿಂದ ಹುಟ್ಟಿದ್ದು.

ಹೆಚ್ಚುಕಮ್ಮಿ ಒಂದಡಿಯ ನಯ ಹಲಗೆ, 300 ಎಂಎಂ. ಮೇಲೆ ಮರಳುಕಾಗದ ಅಂಟಿಸಿದ್ದೇನೆ, ಪಾದ ಜಾರಬಾರದು, ಬಿದ್ದರೆ ಬೀಳಬೇಕು. ರೋಬೋವನ್ನು ಅದರ ಮೇಲೆ ನಿಲ್ಲಿಸಿ, ಬೆನ್ನು ಇಳಿಜಾರಿನ ಕಡೆ ಮಾಡಿ, ಮುಂದಿನ ತುದಿಯನ್ನು ಸ್ವಲ್ಪ ಸ್ವಲ್ಪವೇ ಎತ್ತುವುದು. ತುದಿ 37 ಎಂಎಂ ಎದ್ದರೆ ಸುಮಾರು 7 ಡಿಗ್ರಿ, 52 ಎದ್ದರೆ 10. ಶಾಪಿನಲ್ಲಿ ಕೋನ ಅಳೆಯಲು ಸೈನ್ ಬಾರ್ ಇಟ್ಟು ಮಾಡುವ ಕೆಲಸವೇ ಇದು, ಇಲ್ಲಿ ಗೇಜ್ ಬ್ಲಾಕ್ ಅನ್ನುವ ಅಳತೆ ತುಂಡುಗಳ ಬದಲು ಹಳೇ ಡೈರಿಗಳು. 7ಕ್ಕಿಂತ ಮೊದಲೇ ಬಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. 10 ದಾಟಿದರೆ ಮುಂದಿನ ಮಾತು. ನನ್ನ ಮೂರನೇ ಡ್ರ್ಯಾಗನ್ 4ಕ್ಕೇ ಮಲಗುತ್ತಿತ್ತು. ಹಿಮ್ಮಡಿಗೆ ಬಾಲದ ತುಂಡು ಆನಿಕೆ ಕೊಡುವ ಮಾಡೆಲ್ ಇದ್ದರೆ ಎರಡು ಮೂರು ಡಿಗ್ರಿ ಆರಾಮ ಸಿಗುತ್ತದೆ.

ಆಮೇಲೆ ಕಿವಿ. ಸೊಂಟವನ್ನು ಮುಂದಿನಿಂದ ಹಿಂದಕ್ಕೆ ಪೂರ್ತಿ ತಿರುಗಿಸಿ ಕಟ್ ಕಟ್ ಎಣಿಸುವುದು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಬರಬೇಕು. ಎಡದಲ್ಲಿ ಒಂಬತ್ತು ಬಂದು ಬಲದಲ್ಲಿ ಎಂಟು ಬಂದರೆ ಒಂದು ಹಲ್ಲು ಸವೆದಿದೆ, ಮಾರುವವನು ಏನೇ ಆಣೆ ಇಡಲಿ. ಟಿವಿ ಬಂದ್ ಮಾಡಿಸಿ ಕೇಳಬೇಕು. ಒಬ್ಬರ ಮನೆಯಲ್ಲಿ ಹೀಗೆ ಕಿವಿಗೆ ಹಿಡಿದು ಕೂತಾಗ ಅವರ ಅಜ್ಜಿ, "ಇದರಾಗ ಆಕಾಶವಾಣಿ ಬರ್ತದೇನಪಾ?" ಅಂದಿದ್ದರು.

ಮೂರು ಸಲ ರೂಪ ಬದಲಾಯಿಸಿ ನೋಡುವುದೂ ಇದೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಮೂರನೇ ಸಲ ಎದೆಯ ಬಾಗಿಲು ಮೊದಲಿನಷ್ಟೇ ಗಟ್ಟಿಯಾಗಿ ಕೂತರೆ ಸರಿ. ಮಡಚುವ ಜಾಗದಲ್ಲಿ ಬಿಳಿಗೆರೆ ಮೂಡಿದ್ದರೆ ಪ್ಲಾಸ್ಟಿಕ್ ದಣಿದಿದೆ. ಬಂಗಾರದ ಬಣ್ಣ ಪ್ಲಾಸ್ಟಿಕ್ಕಿನೊಳಗೇ ಸುಳಿಸುಳಿಯಾಗಿ ಬೆರೆತ ಹಳೇ ಪೀಸ್ ಆದರೆ ನಾನು ಮುಟ್ಟುವುದೇ ಇಲ್ಲ, ಅದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ.

ಕೊನೆಯದು ರಾತ್ರಿ ಪರೀಕ್ಷೆ. ಎಲ್ಲರೂ ಹೆಚ್ಚು ನಕ್ಕದ್ದು ಇದಕ್ಕೇ. ರೆಕ್ಕೆ ಪೂರ್ತಿ ಹರವಿ, ತುದಿ ಎಷ್ಟು ಎತ್ತರದಲ್ಲಿದೆ ಅಂತ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ ಮಲಗುವುದು. ಬೆಳಿಗ್ಗೆ 3 ಎಂಎಂ ಒಳಗೆ ಇಳಿದಿದ್ದರೆ ಪಾಸ್. ಬರೀ ಐದು ನಿಮಿಷ ನೋಡಿದರೆ ಎಲ್ಲ ರೆಕ್ಕೆಯೂ ನಿಲ್ಲುತ್ತದೆ, ನಿಧಾನಕ್ಕೆ ಜಾರುವ ಕೀಲು ಗೊತ್ತಾಗುವುದು ಎಂಟು ತಾಸಿನ ಮೇಲೆ. ದುಡ್ಡು ಕೊಡುವ ಮೊದಲು ಒಂದು ರಾತ್ರಿ ಯಾರು ಕೊಡುತ್ತಾರೆ ಅಂತ ನೀವು ಕೇಳಬಹುದು. ಸುಮ್ಮನೆ ಯಾರೂ ಕೊಡುವುದಿಲ್ಲ. ಪೂರ್ತಿ ದುಡ್ಡನ್ನು ಇಬ್ಬರಿಗೂ ಗುರುತಿರುವ ಮೂರನೆಯವರ ಹತ್ತಿರ ಇಡುತ್ತೇನೆ. ಬೆಳಗಾವಿಯೊಳಗಾದರೆ ಆ ಚಹಾದಂಗಡಿ ಕಾಕಾನೇ ಬ್ಯಾಂಕು. ಬೇಡವಾದರೆ ಮಾರುವವನಿಗೆ 100 ರೂಪಾಯಿ ಬಿಟ್ಟು ಉಳಿದದ್ದು ವಾಪಸ್. ಆ ನೂರು ರೂಪಾಯಿ ನನ್ನನ್ನು ಎರಡು ಸಲ ಕಾಪಾಡಿದೆ.

ನಡುವೆ ವಿಜಯಪುರದ ಕಥೆ ಹೇಳಲೇಬೇಕು. ಹೆಂಡತಿಯ ತವರು ಅಲ್ಲಿ. ಮೇ ತಿಂಗಳಲ್ಲಿ ಹೋದಾಗ ಕೆಟ್ಟ ಎರಡನೇ ಡ್ರ್ಯಾಗನ್ನಿನ ರೆಕ್ಕೆಗಳನ್ನು ಸಂಗಡ ಒಯ್ದಿದ್ದೆ. ಬೆಳಗಾವಿಯ ತಂಪಿನಲ್ಲಿ ಗಟ್ಟಿ ಅನ್ನಿಸಿದ್ದು ಅಲ್ಲಿಯ ಬಿಸಿಲಲ್ಲಿ ಏನಾಗುತ್ತದೆ ನೋಡೋಣ ಅಂತ. ಮಾಳಿಗೆ ಮೇಲೆ ಮಧ್ಯಾಹ್ನ ಎರಡು ತಾಸು. ರೆಕ್ಕೆಯ ಎಲುಬಿನಂಥ ಭಾಗ ಎಬಿಎಸ್, ಅದಕ್ಕೇನೂ ಆಗಲಿಲ್ಲ. ಚರ್ಮದಂಥ ಭಾಗ ಮೆತ್ತನೆಯ ಪಿವಿಸಿ, ಅದು ನಾಲ್ಕು ಬೆರಳು ಜೋತಾಡಿತು. ನಮ್ಮ ಮಾವ ಮೇಲೆ ಬಂದು, "ಹಪ್ಪಳ ಒಣಗಿಸ್ಲಿಕ್ಕಿ ಹಾಕೀರೇನ್ರೀ ಅಳಿಯಂದಿರ?" ಅಂದರು. ಸಂಜೆ ಕುದಿಯುವ ನೀರಲ್ಲಿ ಅದ್ದಿ, ನೆಟ್ಟಗೆ ಹಿಡಿದು, ತಣ್ಣೀರಲ್ಲಿ ಮುಳುಗಿಸಿದಾಗ ಮೊದಲಿನ ಆಕಾರಕ್ಕೆ ಬಂತು. ಅಂದಿನಿಂದ ರಾತ್ರಿ ಪರೀಕ್ಷೆಗೆ ಮುಂಚೆ ರೆಕ್ಕೆಗೆ ಕಾಲು ತಾಸು ಬಿಸಿಲು ಕೊಡುತ್ತೇನೆ.

ಹಳದಿಯಾದ ಕೋರೆಹಲ್ಲು ಬೆಳ್ಳಗೆ ಮಾಡಲು ಪಾರ್ಲರಿನ ಪೆರಾಕ್ಸೈಡ್ ಕ್ರೀಮ್ ಹಚ್ಚಿಯೂ ನೋಡಿದೆ. ಕ್ರೀಮ್ ದಪ್ಪ ಕೂತಲ್ಲಿ ಒಂದು ಬಣ್ಣ, ತೆಳು ಕೂತಲ್ಲಿ ಇನ್ನೊಂದು. ತೊನ್ನು ಹತ್ತಿದ ಡ್ರ್ಯಾಗನ್ ಆಯಿತು. ಅದರ ಮಾತು ಸಾಕು.

ಇನ್ನು ಪಂದ್ಯ. ಕಳೆದ ಬೇಸಿಗೆಯಲ್ಲಿ ಒಂದೇ ವಾರದಲ್ಲಿ ಎರಡು ದೊಡ್ಡ ಡ್ರ್ಯಾಗನ್ ಮಾರಾಟಕ್ಕೆ ಬಂದವು. ಒಂದು 9,000, ಮಿರಿಮಿರಿ ಬಣ್ಣ, ಡಬ್ಬಿ ಸಮೇತ. ಇನ್ನೊಂದು 6,500, ಮೂತಿಯ ಬಣ್ಣ ಕಿತ್ತದ್ದು, ಕತ್ತಿ ಕಳೆದದ್ದು. ಎರಡನ್ನೂ ಹಲಗೆ ಮೇಲೆ ಹತ್ತಿಸಿದೆ. ಚೆಂದದ್ದು 6 ಡಿಗ್ರಿಗೆ ಬಿತ್ತು, ಬಲಸೊಂಟದಲ್ಲಿ ಒಂದು ಕಟ್ ಕಮ್ಮಿ. ಬೆಳಗಾವಿ ಕ್ಯಾಂಪ್ ಏರಿಯಾದ ದೋಸ್ತನಿಗೆ ಹೇಳಿದೆ, "ಬ್ಯಾಡೋ." ಅವನು, "ನಿನ್ನ ಹಲಿಗಿ ನೋಡಿ ಡ್ರ್ಯಾಗನ್ ತಗೊಳ್ಳೂದೇನಲೇ? ಮಾರಿ ನೋಡಿ ತಗೋಬೇಕು" ಅಂತ 9,000 ಎಣಿಸಿಯೇಬಿಟ್ಟ. ನಾನು ಮೂತಿ ಕಿತ್ತದ್ದನ್ನು ತಂದೆ, ಈಗ ಫ್ರಿಜ್ ಮೇಲಿರುವುದು ಅದೇ. 11 ಡಿಗ್ರಿ, ಎರಡೂ ಕಡೆ ಸಮ, ರಾತ್ರಿ ಇಳಿತ ಹೆಚ್ಚೆಂದರೆ 1 ಎಂಎಂ. ಆರು ವಾರ ಎಲ್ಲರೂ ಅವನದರ ಜೊತೆಗೇ ಫೋಟೋ ತೆಗೆಸಿಕೊಂಡರು. ಮಳೆಗಾಲ ಹತ್ತಿ ಆಗಸ್ಟಿನಲ್ಲಿ ಒಂದು ರಾತ್ರಿ ಅವನ ಶೋಕೇಸಿನಲ್ಲಿ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಬಲತೊಡೆ ಬೇರೆ, ಮೈ ಬೇರೆ. ಕೆಳಗಿನ ಖಾನೆಯಲ್ಲಿದ್ದ ಇನ್ನೆರಡು ಸಣ್ಣ ರೋಬೋಗಳ ಕೈ ಮುರಿದಿದ್ದವು. ನಾನು ನಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವನ ಡ್ರ್ಯಾಗನ್ ರಿಪೇರಿ ಮಾಡಿಕೊಟ್ಟವನೂ ನಾನೇ, ನನ್ನ ಮೊದಲನೆಯದರ ಬಲತೊಡೆ ಅದಕ್ಕೆ ಹೊಂದಿತು. ಸ್ಕ್ರೂ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, ಹಳೇ ಆಟೆಗೆ, ಅಂದರೆ ಮೊದಲೇ ಕೊರೆದ ಸ್ಕ್ರೂ ಗೆರೆಗೆ, ಟಕ್ ಅಂತ ಬಿದ್ದ ಮೇಲೆ ಬಿಗಿಮಾಡಬೇಕು. ಇಲ್ಲವಾದರೆ ಹೊಸ ಆಟೆ ಕೊರೆದು ಕೊಳವೆ ಹಾಳಾಗುತ್ತದೆ.

ನನ್ನದರ ಸೊಂಟವನ್ನು ಬಿಗಿಮಾಡಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಎಬಿಎಸ್ ಬಾಲ್ ಜಾಯಿಂಟಿಗೆ ಫೆವಿಕ್ವಿಕ್ ತೆಳ್ಳಗೆ ಸವರಿ, ಒಣಗುವ ತನಕ ಬಿಡದೆ ಅಲ್ಲಾಡಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ರ್‍ಯಾಚೆಟ್ ಹಲ್ಲು ಹಲವು ಕಡೆ ಬಿಳಿ ಅಸೆಟಾಲ್ ಪ್ಲಾಸ್ಟಿಕ್, ಅದಕ್ಕೆ ಮಾಮೂಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಸ್ಪ್ರಿಂಗಿನ ಹಿಂದೆ ನಾನೊಂದು ವಸ್ತು ಇಡುತ್ತೇನೆ. ಗಣಪತಿ ಗಲ್ಲಿಯಲ್ಲಿ ಎರಡು ರೂಪಾಯಿಗೆ ಸಿಗುತ್ತದೆ. ಏನು ಅಂತ ಹೇಳುವುದಿಲ್ಲ, ಕ್ಷಮಿಸಬೇಕು. ಅದೊಂದರಿಂದಲೇ ಈ ವರ್ಷ ನಾಲ್ಕು ರಿಪೇರಿ ಬಂದಿವೆ, ಒಂದಕ್ಕೆ 300.

ಲೆಕ್ಕ ಕೇಳುವವರಿಗೆ: ಮೊದಲ ಮೂರಕ್ಕೆ 13,500 ಹಾಕಿದೆ. ಮೂರನೆಯದು, ಬೀಳುತ್ತದೆ ಅಂತ ಹೇಳಿಯೇ, 3,000ಕ್ಕೆ ಹೋಯಿತು. ಬಿಡಿಭಾಗ ಮಾರಿ 1,200 ಬಂತು. ಒಂಬತ್ತು ಸಾವಿರದ ಮೇಲೆ ಕೈ ಸುಟ್ಟುಕೊಂಡಿದ್ದೇನೆ. ಹಲಗೆ, ಮರಳುಕಾಗದ, ಪೆನ್ಸಿಲ್ ಎಲ್ಲ ಸೇರಿ 90 ಆಗಿರಬೇಕು.

ನಿನ್ನೆ ಬಾಗಲಕೋಟೆಯಿಂದ ಒಬ್ಬರು ಫೋನ್ ಮಾಡಿದ್ದರು. ಮೂರು ತಲೆಯದ್ದಂತೆ, 7,000 ಅಂತೆ. ಆರು ಫೋಟೋ ಕಳಿಸಿದರು, ಒಂದರಲ್ಲಿ ಮಾತ್ರ ನಿಂತಿದೆ, ಅದರಲ್ಲೂ ಬೆನ್ನು ಗೋಡೆಗೆ ಆನಿಸಿದೆ. "ಒಂದು ರಾತ್ರಿ ಇಟ್ಕೊಂಡು ನೋಡ್ತೀನ್ರೀ" ಅಂದೆ. "ಆಟಿಗೀನ ಯಾರರ ರಾತ್ರಿ ಇಟ್ಕೊಂಡು ನೋಡ್ತಾರೇನ್ರೀ?" ಅಂದರು. ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ. ಹಲಗೆ ಚೀಲದಲ್ಲಿ ಹಿಡಿಯುವುದಿಲ್ಲ, ಹಳೇ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇನೆ.